ಸದ್ದಿಲ್ಲದ ಓಟ

ಈ ಬೇಸಿಗೆಯಲ್ಲಿ ನಾನು ಸಮುದ್ರದಲ್ಲಿ ಎಷ್ಟು ಸಲ ಸತ್ತೆನೋ ಲೆಕ್ಕವಿಟ್ಟಿಲ್ಲ. ಉಸಿರು ಕಟ್ಟಿ ಸತ್ತದ್ದೇ ಹೆಚ್ಚು. ಬಾಯಾರಿ ಸತ್ತದ್ದು ಎರಡು ಸಲ. ಮಿಕ್ಕದ್ದೆಲ್ಲ ಕಚ್ಚಿಸಿಕೊಂಡು. ಊರ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನಿಂದಾಚೆಗೆ ಕಾಲಿಡದ, ಈಜು ಬಾರದ ಹೆಂಗಸಿಗೆ ಇದೇನೂ ಅವಮಾನವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಅಣ್ಣನ ಮಗಳು ರಜಕ್ಕೆ ಬಂದವಳು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, 'ಅತ್ತೆ, ಒಂದರ್ಧ ಗಂಟೆ ಕೂತ್ಕೊಳ್ಳಿ, ನಿಮಗೆ ಇಷ್ಟ ಆಗುತ್ತೆ' ಎಂದಳು. ವಿಡಿಯೋ ಗೇಮ್ ಎಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು, ಕಣ್ಣು ಕೆಡಿಸಿಕೊಳ್ಳುವುದು ಎಂದು ತಿಳಿದಿದ್ದ ನಾನು ಅವಳ ಮನಸ್ಸು ನೋಯಿಸಬಾರದೆಂದು ಕೂತೆ. ಅರ್ಧ ಗಂಟೆಗೆಂದು ಕೂತವಳು ಎದ್ದದ್ದು ಕುಕ್ಕರಿನ ತಳ ಹತ್ತಿದ ವಾಸನೆ ಬಂದಾಗ.

ಆಟದ ಹೆಸರು ಸಬ್‌ನಾಟಿಕಾ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಅನ್‌ನೋನ್ ವರ್ಲ್ಡ್ಸ್ ಎಂಬ ಕಂಪನಿ ತಯಾರಿಸಿದ್ದು. 2014ರ ಕೊನೆಗೆ ಅರ್ಧ ಬೆಂದ ಸ್ಥಿತಿಯಲ್ಲೇ ಜನರ ಕೈಗೆ ಕೊಟ್ಟು, ಆಡಿದವರ ಮಾತು ಕೇಳಿಕೊಂಡು ತಿದ್ದುತ್ತಾ ಹೋಗಿ 2018ರ ಜನವರಿಯಲ್ಲಿ ಪೂರ್ತಿ ಮಾಡಿದರು. ಕಥೆ ಇಷ್ಟು. ಅರೋರಾ ಎಂಬ ದೊಡ್ಡ ಆಕಾಶನೌಕೆ 4546ಬಿ ಎಂಬ ಗ್ರಹದ ಮೇಲೆ ಬೀಳುತ್ತದೆ. ಆ ಗ್ರಹವೆಲ್ಲ ಬರೀ ಸಮುದ್ರ. ನಾವು ಒಂದು ಪುಟ್ಟ ಡಬ್ಬಿಯಂಥ ದೋಣಿಯಲ್ಲಿ ಒಬ್ಬರೇ ಉಳಿದುಕೊಂಡಿರುತ್ತೇವೆ. ಇನ್ನು ಬದುಕಬೇಕು.

ಬದುಕುವುದು ಎಂದರೆ ಏನೆಂದುಕೊಂಡಿರಿ? ಮೊದಲ ಎರಡು ಮೂರು ದಿನ ಪೂರ್ತಿ ಮನೆಗೆಲಸ. ಕುಡಿಯುವ ನೀರು ಎಲ್ಲಿ, ತಿನ್ನುವುದೇನು, ಬ್ಯಾಟರಿ ಇನ್ನೆಷ್ಟು ಹೊತ್ತು ಬರುತ್ತದೆ, ಸಾಮಾನು ಇಡಲು ಜಾಗ ಯಾವುದು. ಬ್ಲ್ಯಾಡರ್‌ಫಿಷ್ ಎಂಬ ಮೀನು ಹಿಡಿದು ಅದರಿಂದ ನೀರು ಮಾಡಿಕೊಳ್ಳಬೇಕು. ಗುಂಡು ಗುಂಡಾದ ಕಣ್ಣಿನ ಪೀಪರ್ ಎಂಬ ಮೀನು ಹಿಡಿದು ಬೇಯಿಸಿಕೊಳ್ಳಬೇಕು. ನಾನು ಮನೆಯಲ್ಲಿ ಮೊಟ್ಟೆ ಸಹ ಮುಟ್ಟದವಳು. ಮೊದಲ ಪೀಪರನ್ನು ಹಿಡಿದಾಗ ಅದು ನನ್ನನ್ನೇ ನೋಡಿದಂತಾಗಿ ಬಿಟ್ಟುಬಿಟ್ಟೆ. ಆಮೇಲೆ ಹಸಿವೆಯಿಂದ ಪರದೆಯ ಮೇಲೆ ಕೆಂಪು ಗುರುತು ಬಂದಾಗ ಅದನ್ನೇ ಹುಡುಕಿಕೊಂಡು ಹೋದೆ. ಈಗ ಕಲ್ಲಂಗಡಿಯಂಥ ಹಣ್ಣನ್ನು ಕುಂಡದಲ್ಲಿ ಬೆಳೆಸಿಕೊಂಡಿದ್ದೇನೆ. ಆದರೆ ಮೊದಲು ತಿಂದದ್ದನ್ನು ತಿಂದಿಲ್ಲ ಎನ್ನಲಾರೆ.

ಇಷ್ಟರಲ್ಲಿ ಕಡಲಪಾಚಿಯ ಕಾಡಿನೊಳಗೆ ಹೋದೆ. ಉದ್ದ ಮೂತಿಯ, ಚೂಪು ಹಲ್ಲಿನ ಒಂದು ಪ್ರಾಣಿ ಹಿಂದಿನಿಂದ ಬಂದು ಕಚ್ಚಿತು. ಸ್ಟಾಕರ್ ಅದರ ಹೆಸರು. ಓಡಿದೆ, ಅಟ್ಟಿಸಿಕೊಂಡು ಬಂತು. ಮತ್ತೆ ಹೋದೆ, ಮತ್ತೆ ಬಂತು. ಕೈಯಲ್ಲಿ ಒಂದು ಚೂರಿ. ನಾನು ಕೇಳಿದ ಮೊದಲ ಪ್ರಶ್ನೆ ಯಾವುದೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

'ಬಂದೂಕು ಎಲ್ಲಿ ಸಿಗುತ್ತೆ ಪುಟ್ಟಿ?'

'ಸಿಗಲ್ಲ ಅತ್ತೆ.'

'ಆಮೇಲೆ?'

'ಆಮೇಲೂ ಸಿಗಲ್ಲ. ಈ ಆಟದಲ್ಲಿ ಇಲ್ಲವೇ ಇಲ್ಲ.'

ಇಲ್ಲ ಎಂದರೆ ಮರೆತು ಬಿಟ್ಟದ್ದಲ್ಲ. ಆಟದ ಮುಖ್ಯ ನಿರ್ಮಾಪಕ ಚಾರ್ಲಿ ಕ್ಲೀವ್‌ಲ್ಯಾಂಡ್. ಈತ ಇದಕ್ಕೆ ಮುಂಚೆ ಹೆಸರು ಮಾಡಿದ್ದೇ ಬಂದೂಕಿನ ಆಟದಿಂದ. 'ನ್ಯಾಚುರಲ್ ಸೆಲೆಕ್ಷನ್' ಎಂಬ ಅದರ ಎರಡನೆಯ ಭಾಗ 2012ರ ಅಕ್ಟೋಬರ್‌ನಲ್ಲಿ ಹೊರಬಂದಿತ್ತು. ಅದೇ ವರ್ಷದ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿರುವ ಸ್ಯಾಂಡಿ ಹುಕ್ ಎಂಬ ಪ್ರಾಥಮಿಕ ಶಾಲೆಗೆ ಒಬ್ಬ ಯುವಕ ನುಗ್ಗಿ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಗುಂಡಿಟ್ಟು ಕೊಂದ. ಆ ಆರೂ ಮಂದಿ ಹೆಂಗಸರು. ಅದಾದ ಮೇಲೆ ಇನ್ನೊಂದು ಬಂದೂಕನ್ನು ಈ ಲೋಕಕ್ಕೆ ಸೇರಿಸಲು ತನಗೆ ಮನಸ್ಸಾಗಲಿಲ್ಲ, ಸುಳ್ಳು ಬಂದೂಕನ್ನಾದರೂ ಸರಿ, ಎಂಬರ್ಥದಲ್ಲಿ ಕ್ಲೀವ್‌ಲ್ಯಾಂಡ್ ಹೇಳಿಕೊಂಡಿದ್ದಾನೆ. ಆಡುವವರು ಕೇಳಿದ್ದಾರೆ, ಜಗಳವಾಡಿದ್ದಾರೆ. ಸಮುದ್ರದ ಭೂತಗಳ ಮುಂದೆ ಬರೀ ಚೂರಿ ಕೊಟ್ಟು ನಿಲ್ಲಿಸುವುದು ಯಾವ ನ್ಯಾಯ ಎಂದು. ಆತ ಬದಲಾಯಿಸಲಿಲ್ಲ.

ಬಂದೂಕಿಲ್ಲದಿದ್ದರೆ ಏನು ಮಾಡಬೇಕು ಎಂಬುದೇ ಆಟದ ಅರ್ಧ ಭಾಗ. ಸ್ಟಾಕರ್‌ಗೆ ಒಂದು ಪೀಪರ್ ಮೀನು ಕೊಟ್ಟರೆ ಸ್ವಲ್ಪ ಹೊತ್ತು ತನ್ನ ಪಾಡಿಗೆ ತಾನಿರುತ್ತದೆ. ಅದಕ್ಕೆ ಲೋಹದ ಚೂರುಗಳೆಂದರೆ ಆಸೆ. ಬಾಯಲ್ಲಿ ಕಚ್ಚಿಕೊಂಡು ಓಡಾಡುತ್ತದೆ. ಹಾಗೆ ಕಚ್ಚುವಾಗ ಒಮ್ಮೊಮ್ಮೆ ಹಲ್ಲು ಉದುರುತ್ತದೆ. ಗಟ್ಟಿಯಾದ ಗಾಜು ಮಾಡಲು ಆ ಹಲ್ಲೇ ಬೇಕು, ಹಾಗಾಗಿ ನಾವು ಅದರ ಹಿಂದೆ ಹಲ್ಲು ಆಯುತ್ತಾ ಅಲೆಯುತ್ತೇವೆ. ಗ್ಯಾಸೋಪಾಡ್ ಎಂಬ ದಡೂತಿ ಪ್ರಾಣಿ ಹತ್ತಿರ ಹೋದರೆ ವಿಷದ ಉಂಡೆಗಳನ್ನು ಬಿಡುತ್ತದೆ, ಹೋಗದಿದ್ದರೆ ಪಾಪದ್ದು. ಕ್ರ್ಯಾಶ್‌ಫಿಷ್ ತನ್ನ ಗೂಡಿನಿಂದ ಚಿಮ್ಮಿ ಬಂದು ನಮ್ಮ ಮುಖದೆದುರೇ ಸಿಡಿದು ತಾನೂ ಸಾಯುತ್ತದೆ. ಅಂಥವರನ್ನು ನಾನು ನಮ್ಮ ನೆಂಟರಲ್ಲೇ ನೋಡಿದ್ದೇನೆ.

ಇವೆಲ್ಲ ಸಣ್ಣಪುಟ್ಟವು. ದೊಡ್ಡದು ರೀಪರ್ ಲೆವಿಯಾಥನ್. ಐವತ್ತೈದು ಮೀಟರ್ ಉದ್ದ. ಮುಖದ ಸುತ್ತ ನಾಲ್ಕು ಕೊಂಡಿಗಳು. ಬಿದ್ದ ಅರೋರಾ ನೌಕೆಯ ಸುತ್ತಲಿನ ಕದಡಿದ ನೀರಿನಲ್ಲಿ ಅದರ ವಾಸ. ಅದು ಕೂಗುವುದು ಬಹಳ ದೂರದಿಂದಲೇ ಕೇಳುತ್ತದೆ. ಬಾವಲಿಯ ಹಾಗೆ ಅದು ಆ ಕೂಗಿನಿಂದಲೇ ಸುತ್ತಮುತ್ತ ಇರುವುದನ್ನು ಕಾಣುವುದು. ಆದ್ದರಿಂದ ನಮಗೆ ಅದರ ಕೂಗು ಕೇಳಿಸಿದರೆ ನಾವು ಅದರ ಕಣ್ಣಿಗೆ ಬಿದ್ದಾಯಿತು ಎಂದು ಆಟದೊಳಗಿನ ಪುಸ್ತಕ ಎಚ್ಚರಿಸುತ್ತದೆ. ಸೀಮಾತ್ ಎಂಬ ಪುಟ್ಟ ಜಲವಾಹನದಲ್ಲಿ ಹೋದರೆ ವಾಹನದ ಸಮೇತ ಹಿಡಿದು ಮುಖದ ಹತ್ತಿರ ತಂದುಕೊಂಡು ಅಲುಗಿಸುತ್ತದೆ. ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಹೊರಗೆ ಹೂ ಮಾರುವವಳು ಬಂದು 'ಏನಾಯ್ತಮ್ಮ' ಎಂದು ಕೇಳಿದಳು ಎಂದರೆ ನಾನು ಎಷ್ಟು ಜೋರಾಗಿ ಕಿರುಚಿರಬೇಕು!

ಇದನ್ನು ಕೊಲ್ಲಲು ಆಗುವುದೇ ಇಲ್ಲ ಎಂದಲ್ಲ. ಹುಡುಗಿಯ ಸಹಪಾಠಿಯೊಬ್ಬ ಕೊಂದಿದ್ದಾನೆ. ಸ್ಟೇಸಿಸ್ ರೈಫಲ್ ಎಂದು ಒಂದಿದೆ. ಹೆಸರಿಗೆ ರೈಫಲ್, ಕೊಲ್ಲುವುದಿಲ್ಲ. ಒಂದು ಗುಳ್ಳೆಯೊಳಗೆ ಪ್ರಾಣಿಯನ್ನು ಕೆಲ ಕ್ಷಣ ಕಲ್ಲಾಗಿಸುತ್ತದೆ, ನಾವು ತಪ್ಪಿಸಿಕೊಳ್ಳಲೆಂದು. ಈ ಹುಡುಗ ಅದನ್ನು ಹಾಗೆ ಕಲ್ಲಾಗಿಸಿ, ಪಕ್ಕಕ್ಕೆ ಹೋಗಿ ಚೂರಿಯಿಂದ ಇರಿದ. ಗುಳ್ಳೆ ಒಡೆಯುವ ಮುಂಚೆ ಮತ್ತೆ ಕಲ್ಲಾಗಿಸಿದ. ಮತ್ತೆ ಇರಿದ. ಹೀಗೆ ನೂರಾರು ಸಲ. ಅವನು ಕಳಿಸಿದ ಆ ವಿಡಿಯೋವನ್ನು ಹುಡುಗಿ ನನಗೆ ತೋರಿಸಿದಳು. ನಾನು ಪೂರ್ತಿ ನೋಡಲಿಲ್ಲ. ಭಯಾನಕವಾಗಿತ್ತು ಎಂದಲ್ಲ, ಬೇಸರ ತರಿಸುವಂತಿತ್ತು. ಅಲುಗಾಡದೆ ನಿಂತ ಒಂದು ಜೀವದ ಪಕ್ಕದಲ್ಲಿ ಒಂದು ಕೈ ಮೇಲೆ ಕೆಳಗೆ ಆಡುತ್ತಿದೆ, ಕೊತ್ತಂಬರಿ ಹೆಚ್ಚುವ ಹಾಗೆ. 'ಯಾಕೆ ಕೊಂದನಂತೆ?' ಎಂದೆ. 'ಇನ್ನು ಮೇಲೆ ಹೆದರಿಕೊಂಡು ಓಡಾಡೋದು ಬೇಡ ಅಂತ' ಎಂದಳು.

ಅದು ತಪ್ಪೆಂದು ನಾನು ಥಟ್ಟನೆ ಹೇಳಲಾರದೆ ಹೋದೆ. ನಮ್ಮ ಹಿಂದಿನ ಬಾಡಿಗೆ ಮನೆಯ ಪಕ್ಕದಲ್ಲಿ ಜೈನ ಹಿರಿಯರೊಬ್ಬರಿದ್ದರು. ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಜಗಲಿಗೆ ಬಂದು ಕೂರುವರು. ಅವರು ನನಗೆ ಒಮ್ಮೆ ಹಿಂಸೆಯ ನಾಲ್ಕು ಬಗೆಗಳನ್ನು ಹೇಳಿದ್ದರು. ಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡಿಗೆ, ಗುಡಿಸುವುದು, ನೀರು ಕಾಯಿಸುವುದು ಇಂಥ ಮನೆಗೆಲಸದಲ್ಲಿ ತಾನಾಗಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರದಂಥ ವೃತ್ತಿಯಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧೀ. ಮುನಿಗಳಿಗೆ ನಾಲ್ಕೂ ಬಿಡಬೇಕು. ಸಂಸಾರಿಗೆ ಪೂರ್ತಿ ಬಿಡಲೇಬೇಕಾದದ್ದು ಮೊದಲನೆಯದು ಮಾತ್ರ. ಉಳಿದವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಈ ವಿಂಗಡಣೆಯಲ್ಲಿ ನನಗೆ ಹಿಡಿಸಿದ್ದು ಅಡಿಗೆ ಮನೆಯನ್ನೂ ಅವರು ಮರೆತಿಲ್ಲ ಎಂಬುದು. ದೊಡ್ಡ ದೊಡ್ಡ ತತ್ತ್ವಗಳು ಒಲೆಯ ಹತ್ತಿರ ಸುಳಿಯುವುದು ಕಡಿಮೆ.

ಈ ಲೆಕ್ಕದಲ್ಲಿ ನನ್ನ ಪೀಪರ್ ಮೀನು ಆರಂಭೀ. ಕಾಲು ಕಚ್ಚಿದ ಸ್ಟಾಕರ್‌ಗೆ ಚೂರಿ ತೋರಿಸಿದ್ದು ವಿರೋಧೀ. ಆ ಹುಡುಗನದು? ಅದು ತನ್ನ ಮೇಲೆ ಬೀಳದಿದ್ದಾಗ, ಹುಡುಕಿಕೊಂಡು ಹೋಗಿ, ಅಲುಗಾಡದಂತೆ ಮಾಡಿ, ನೂರಾರು ಸಲ. ಭಯದಿಂದ ಮಾಡಿದ್ದೇ ಇರಬಹುದು, ಆದರೆ ಸಂಕಲ್ಪವೇ. ಇಷ್ಟು ನನಗೆ ಸ್ಪಷ್ಟವಾಯಿತು ಎಂದುಕೊಂಡು ಮಲಗಿದೆ.

ಸ್ಪಷ್ಟವಾದದ್ದು ಕಲಕಿಹೋದದ್ದು ಮಾರನೆಯ ದಿನ.

ಆಟದಲ್ಲಿ ಮುಂದೆ ಹೋದಂತೆ ಸೈಕ್ಲಾಪ್ಸ್ ಎಂಬ ದೊಡ್ಡ ಜಲಾಂತರ್ಗಾಮಿ ಮಾಡಿಕೊಳ್ಳಬಹುದು. ಒಳಗೆ ಕಪಾಟು ಇಟ್ಟುಕೊಳ್ಳಬಹುದು, ಗಿಡ ನೆಡಬಹುದು, ಮಂಚ ಹಾಕಬಹುದು, ಒಂದು ಮನೆಯೇ. ಅದನ್ನು ನಡೆಸಿಕೊಂಡು ಆಳದಲ್ಲಿರುವ ಲಾಸ್ಟ್ ರಿವರ್ ಎಂಬ ಹಸಿರು ಬೆಳಕಿನ ಗುಹೆಗಳಿಗೆ ಇಳಿಯಬೇಕು. ಅಲ್ಲಿ ಘೋಸ್ಟ್ ಲೆವಿಯಾಥನ್ ಇದೆ. ಗಾಜಿನಂಥ ಮೈ, ಒಳಗಿನದೆಲ್ಲ ಕಾಣುತ್ತದೆ. ಬೆಳೆದು ದೊಡ್ಡದಾದದ್ದು ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು. ನಮ್ಮನ್ನು ತಿನ್ನುವ ಆಸೆ ಅದಕ್ಕಿಲ್ಲ. ತನ್ನ ಜಾಗಕ್ಕೆ ಬಂದವರನ್ನು ಹೊಡೆದು ಓಡಿಸುತ್ತದೆ, ಅಷ್ಟೆ. ಅದರ ಹತ್ತಿರ ಬಂದಾಗ ಹುಡುಗಿ ಇಂಜಿನ್ನಿನ ವೇಗ ತಗ್ಗಿಸಿದಳು, ಹೊರಗಿನ ದೀಪ ಆರಿಸಿದಳು, 'ಸೈಲೆಂಟ್ ರನ್ನಿಂಗ್' ಎಂಬ ಗುಂಡಿ ಒತ್ತಿದಳು. ಸದ್ದಿಲ್ಲದ ಓಟ. ಇಂಜಿನ್ನಿನ ಗುರುಗುರು ಅಡಗಿತು. ನಾವಿಬ್ಬರೂ ಮಾತು ನಿಲ್ಲಿಸಿದೆವು, ಅದಕ್ಕೆ ಕೇಳಿಸುತ್ತದೋ ಎಂಬಂತೆ.

ಆಗ ನಾನು ಗಮನಿಸಿದೆ, ಕೆಳಗೆ ಬ್ಯಾಟರಿಯ ಅಂಕಿ ಇಳಿಯುತ್ತಿತ್ತು. 81, 80, 79.

'ನಿಧಾನಕ್ಕೆ ಹೋಗ್ತಾ ಇದ್ದೀವಿ, ದೀಪ ಇಲ್ಲ, ಮತ್ಯಾಕೆ ಇಳೀತಿದೆ?'

'ಸೈಲೆಂಟ್ ಆಗಿ ಹೋಗೋಕೆ ಚಾರ್ಜ್ ಜಾಸ್ತಿ ಬೇಕು ಅತ್ತೆ. ಸದ್ದು ಮಾಡದೇ ಇರೋಕೆ ಪವರ್ ಖರ್ಚಾಗುತ್ತೆ.'

ಅವಳು ಆಟದ ನಿಯಮ ಹೇಳಿದಳು. ನಾನು ಸುಮ್ಮನೆ ಕೂತುಬಿಟ್ಟೆ.

ನನ್ನ ತಂದೆ ಕೋಪಿಷ್ಠರು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅವರು ಹೋಗಿ ಬಹಳ ವರ್ಷವಾಯಿತು. ಹೊಡೆದದ್ದು ಕಡಿಮೆ. ಆದರೆ ತಟ್ಟೆ ಎಸೆದದ್ದುಂಟು, ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದದ್ದುಂಟು, ಒಂದು ಮಾತಿಗೆ ಹತ್ತು ದಿನ ಮಾತು ಬಿಟ್ಟದ್ದುಂಟು. ಸಂಜೆ ಗೇಟಿನ ಹತ್ತಿರ ಸೈಕಲ್ ಸ್ಟ್ಯಾಂಡು ಹಾಕಿದ ಸದ್ದು ಕೇಳಿತೆಂದರೆ ನಮ್ಮ ಮನೆ ಬೇರೆಯೇ ಮನೆಯಾಗುತ್ತಿತ್ತು. ರೇಡಿಯೋ ನಿಲ್ಲುತ್ತಿತ್ತು. ಅಣ್ಣ ಗೋಲಿಗಳನ್ನು ಚಡ್ಡಿ ಜೇಬಿನಲ್ಲಿ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಿದ್ದ, ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು. ಅಮ್ಮ ಪಾತ್ರೆಯ ಮುಚ್ಚಳವನ್ನು ನೆಲಕ್ಕಿಡುವಾಗ ಕೆಳಗೆ ಕೈಬೆರಳು ಕೊಟ್ಟು ಇಡುತ್ತಿದ್ದಳು. ಬಿಸಿ ಮುಚ್ಚಳ. ಅಮ್ಮನ ಬೆರಳ ತುದಿಗಳು ನನಗೆ ನೆನಪಿವೆ.

ನೋಡಿದವರೆಲ್ಲ ಹೇಳುತ್ತಿದ್ದರು, ಎಷ್ಟು ಶಾಂತವಾದ ಮನೆ, ಮಕ್ಕಳು ಎಷ್ಟು ಒಳ್ಳೆಯವು ಎಂದು. ಅಮ್ಮನ ತಾಳ್ಮೆಯನ್ನು ಹೊಗಳದವರಿಲ್ಲ. ರಾತ್ರಿ ಅಡಿಗೆಮನೆ ತೊಳೆದು ಅಮ್ಮ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅದಕ್ಕೆ ತಲೆನೋವು ಎಂದು ಹೆಸರು. ಆ ತಲೆನೋವಿಗೆ ಎಷ್ಟು ಶುಂಠಿ ಅರೆದಿದ್ದೇವೋ! ದಿನವಿಡೀ ಏನೂ ಮಾಡದಂತೆ ಕಾಣುವ ಹಾಗೆ ಇರಲು ಎಷ್ಟು ಖರ್ಚಾಗಿರಬಹುದು ಎಂದು ನಮ್ಮಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಹುಡುಗರು ಯಾವುದೋ ಆಟಕ್ಕಾಗಿ ಆ ಲೆಕ್ಕ ಹಾಕಿ, ಪರದೆಯ ಕೆಳಗೆ ಅಂಕಿಯಾಗಿ ಇಟ್ಟಿದ್ದರು.

ನಾನು ಇದನ್ನು ಹುಡುಗಿಗೆ ಹೇಳಿದೆ. ಅವಳು ತನ್ನ ಅಜ್ಜನನ್ನು ನೋಡಿದವಳಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಅತ್ತೆ, ಈ ಆಟ ನಮಗೆ ಅಜ್ಜಿ ಥರ ಇರೋದನ್ನೇ ಕಲಿಸುತ್ತಾ? ಅದು ಬಂದರೆ ದೀಪ ಆರಿಸು, ಸದ್ದು ಮಾಡಬೇಡ, ಅದರ ಸಿಟ್ಟು ಇಳಿಯೋವರೆಗೂ ಕಾಯಿ, ತಿನ್ನೋಕೆ ಏನಾದರೂ ಕೊಟ್ಟು ಸಮಾಧಾನ ಮಾಡು. ಇದಕ್ಕಿಂತ ಅವನು ರೀಪರನ್ನು ಕೊಂದಿದ್ದೇ ಸರಿ ಅನ್ಸುತ್ತೆ' ಎಂದಳು.

ಬಂದೂಕಿಲ್ಲದ ಆಟವೆಂದು ಮೆಚ್ಚಿಕೊಂಡಿದ್ದ ನನಗೆ ಇದು ಸರಿಯಾಗಿ ನೆಟ್ಟಿತು. ಅಹಿಂಸೆಯನ್ನು ಅಷ್ಟು ಹೇಳಿದ ಗಾಂಧೀಜಿಯವರೇ 1920ರಲ್ಲಿ 'ಯಂಗ್ ಇಂಡಿಯಾ'ದಲ್ಲಿ, ಹೇಡಿತನ ಮತ್ತು ಹಿಂಸೆ ಇವೆರಡೇ ಇದ್ದರೆ ತಾನು ಹಿಂಸೆಯನ್ನೇ ಆರಿಸಿಕೊಳ್ಳಲು ಹೇಳುವೆನೆಂದು ಬರೆದಿದ್ದರು. ಕೈಯಲ್ಲಿ ಆಯುಧವಿಲ್ಲದ್ದರಿಂದ ಕೊಲ್ಲದಿರುವುದು ಒಳ್ಳೆಯತನವೇ? ಆಯುಧ ಕೊಡದೆ ಒಳ್ಳೆಯವರಾಗಿರಿ ಎನ್ನುವುದು ಹೆಂಗಸರಿಗೆ ಹೊಸ ಮಾತಲ್ಲ. ನಮ್ಮ ಸಹನೆಯ ಹಾಡುಗಳೆಲ್ಲ ಹುಟ್ಟಿದ್ದು ಅಲ್ಲೇ ಇರಬೇಕು.

ಎರಡು ದಿನ ನಾನು ಆಟ ಮುಟ್ಟಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ, ಬಟ್ಟೆ ಒಣಹಾಕುವಾಗ ಇದೇ ತಲೆಯಲ್ಲಿ. ಕೊನೆಗೆ ನನಗೆ ಹೊಳೆದದ್ದು ಇಷ್ಟು, ಅದನ್ನು ಇನ್ನೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ.

ಅರೋರಾದ ಹಿಂದಿನ ಆ ನೀರು ರೀಪರಿನದು. ನಾವು ಮೇಲಿಂದ ಬಿದ್ದವರು. ಕರೆಯದೆ ಹೋದ ಮನೆಯಲ್ಲಿ ಮೆಲ್ಲಗೆ ನಡೆಯುವುದು ಹೇಡಿತನವಲ್ಲ, ಮರ್ಯಾದೆ. ಆದರೆ ನಮ್ಮ ಮನೆ ಅಪ್ಪನೊಬ್ಬರದಾಗಿರಲಿಲ್ಲ. ಅಮ್ಮ ಅಲ್ಲಿಗೆ ಬಂದು ಬಿದ್ದವಳಲ್ಲ, ಆ ಮನೆಯನ್ನು ಮಾಡಿದವಳು. ತಾನು ಕಟ್ಟಿದ ಮನೆಯಲ್ಲೇ ಅವಳು ದೀಪ ಆರಿಸಿಕೊಂಡು ಓಡಾಡಬೇಕಾಯಿತು.

ಇನ್ನೊಂದು ಮಾತು, ಇದು ಇನ್ನೂ ಕಷ್ಟದ್ದು. ರೀಪರ್ ಬೇರೆ ಥರ ಇರಲಾರದು. ಅದಕ್ಕೆ ಕೊಂಡಿ ಕೊಟ್ಟು ಹುಟ್ಟಿಸಿದ್ದಾರೆ. ಅಪ್ಪ ಬೇರೆ ಥರ ಇರಬಲ್ಲವರಾಗಿದ್ದರು. ಆಫೀಸಿನ ಹಿರಿಯ ಅಧಿಕಾರಿ ಮನೆಗೆ ಬಂದರೆ ಇದ್ದೇ ಇರುತ್ತಿದ್ದರು. ಎಷ್ಟು ಮೃದು ಮಾತು, ಎಂಥ ನಗು! ಅವರು ಹೋದ ಮೇಲೆ ಬಾಗಿಲು ಹಾಕಿದ ಸದ್ದಿನಲ್ಲೇ ನಮಗೆ ತಿಳಿಯುತ್ತಿತ್ತು. ಆದರೂ ಅಜ್ಜಿಯಿಂದ ಹಿಡಿದು ಬೀದಿಯವರೆಗೆ ಎಲ್ಲರೂ ಅಮ್ಮನಿಗೆ ಹೇಳಿದ್ದು ಒಂದೇ ಮಾತು: 'ಅವನ ಸ್ವಭಾವ ಹಾಗೆ ಕಣೇ, ನೀನೇ ಹೊಂದಿಕೊಂಡು ಹೋಗು.' ಸ್ವಭಾವ! ಸಮುದ್ರದ ಪ್ರಾಣಿಗೆ ಕೊಡಬೇಕಾದ ವಿನಾಯಿತಿಯನ್ನು ಮನುಷ್ಯನಿಗೆ ಕೊಟ್ಟುಬಿಟ್ಟರು. ಅದು ಅಮ್ಮನಿಗೆ ಮಾಡಿದ ಅನ್ಯಾಯ ಎಂದು ನಾನು ಬಹಳ ಹಿಂದೆಯೇ ತಿಳಿದಿದ್ದೆ. ಅಪ್ಪನನ್ನೂ ಅದರಿಂದ ಮನುಷ್ಯರ ಲೆಕ್ಕದಿಂದ ತೆಗೆದುಹಾಕಿದರು ಎಂಬುದು ಈಗ ಹೊಳೆಯಿತು. ಯಾರಾದರೂ ಒಬ್ಬರು ಅವರನ್ನು ಕೂರಿಸಿಕೊಂಡು, 'ನೀನು ಹೀಗಿರಬೇಕಾಗಿಲ್ಲ' ಎಂದು ಹೇಳಿದ್ದರೆ? ಕೇಳುತ್ತಿದ್ದರೋ ಇಲ್ಲವೋ. ಯಾರೂ ಹೇಳಲಿಲ್ಲ.

ಹುಡುಗಿಗೆ ಇದನ್ನೆಲ್ಲ ಹೇಳಿದಾಗ ಅವಳು ತಲೆಯಾಡಿಸಿ, 'ಆದರೆ ಅಜ್ಜಿ ಆವಾಗ ಏನು ಮಾಡಬೇಕಿತ್ತು?' ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆಟ ಮತ್ತೆ ಶುರುವಾಯಿತು. ಲಾಸ್ಟ್ ರಿವರ್ ದಾಟಿ ಇನ್ನೂ ಕೆಳಗೆ, ಕಾದ ಲಾವಾ ಹರಿಯುವ ಜಾಗಕ್ಕೆ ಇಳಿದೆವು. ಅಲ್ಲಿ ಲಾವಾ ಲಾರ್ವಾ ಎಂಬ ಹುಳುಗಳಿವೆ. ರೀಪರಿಗೆ ಹೋಲಿಸಿದರೆ ಏನೂ ಅಲ್ಲ, ಕೂಗುವುದಿಲ್ಲ, ಕಚ್ಚಿ ಕೊಲ್ಲುವುದಿಲ್ಲ. ಬಂದು ಸೈಕ್ಲಾಪ್ಸಿನ ಮೈಗೆ ಜಿಗಣೆಯ ಹಾಗೆ ಅಂಟಿಕೊಂಡು ಬ್ಯಾಟರಿ ಹೀರುತ್ತವೆ. ಅಂಕಿ ಇಳಿಯುತ್ತಾ ಹೋಗುತ್ತದೆ, ಅಷ್ಟೆ. ಇಲ್ಲಿ ದೀಪ ಆರಿಸಿ ಪ್ರಯೋಜನವಿಲ್ಲ, ಸುತ್ತಿ ಬಳಸಿ ಹೋಗಿ ಪ್ರಯೋಜನವಿಲ್ಲ. ಸುಮ್ಮನಿದ್ದಷ್ಟೂ ಖಾಲಿಯಾಗುತ್ತೇವೆ. ಬಾಗಿಲು ತೆರೆದು ಹೊರಗೆ ಹೋಗಿ ಒಂದೊಂದನ್ನೇ ಹೊಡೆದು ಬಿಡಿಸಬೇಕು. ಇಲ್ಲವೇ ರಕ್ಷಾಕವಚದ ಯಂತ್ರ ಮಾಡಿಕೊಂಡಿದ್ದರೆ ಅದನ್ನು ಹಾಕಿ ಉದುರಿಸಬೇಕು. ನಮ್ಮ ಹತ್ತಿರ ಕವಚ ಇರಲಿಲ್ಲ. ಹುಡುಗಿ ಹೊರಗೆ ಹೋದಳು, ಹತ್ತಿರದಲ್ಲೇ ಸೀ ಡ್ರ್ಯಾಗನ್ ಎಂಬ ಇನ್ನೊಂದು ದೈತ್ಯ ಸುತ್ತುತ್ತಿದ್ದರೂ. ನಾಲ್ಕು ಹುಳು ಬಿಡಿಸಿ ಬಂದಳು. ಹತ್ತು ನಿಮಿಷಕ್ಕೆ ಮತ್ತೆ ಎರಡು ಅಂಟಿದವು. ಮತ್ತೆ ಹೋದಳು. ಕೊಲ್ಲಲಿಲ್ಲ, ಬಿಡಿಸಿದಳು. ಎಷ್ಟು ಸಲ ಬಂದವೋ ಅಷ್ಟು ಸಲ.

ಆಗ ನನಗೆ ಒಂದು ಸಂಜೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದೆ. ರೇಡಿಯೋದಲ್ಲಿ ನಾಟಕ ಬರುತ್ತಿತ್ತು. ಸೈಕಲ್ ಸ್ಟ್ಯಾಂಡಿನ ಸದ್ದಾಯಿತು. ನಾನು ನಿಲ್ಲಿಸಲು ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತದೆ 'ಇರಲಿ ಬಿಡು, ಮುಗೀಲಿ' ಎಂದಳು. ಅಪ್ಪ ಒಳಗೆ ಬಂದು ನಿಂತರು. ರೇಡಿಯೋ ನೋಡಿದರು, ಅಮ್ಮನನ್ನು ನೋಡಿದರು. ಅಮ್ಮ ಅಕ್ಕಿ ಆರಿಸುತ್ತಲೇ ಇದ್ದಳು. ಕೈ ನಡುಗುತ್ತಿದ್ದದ್ದು ನನಗೆ ಕಂಡಿತು, ಮೊರದ ಅಕ್ಕಿ ಸಣ್ಣಗೆ ಕುಣಿಯುತ್ತಿತ್ತು. ಅಪ್ಪ ಹಿಂದಿರುಗಿ ಹೊರಗೆ ಹೋದರು. ಆಮೇಲೆ ನಾಲ್ಕು ದಿನ ಮಾತಿಲ್ಲ. ಆದರೆ ಆಮೇಲಿಂದ ನಮ್ಮ ಮನೆಯಲ್ಲಿ ಬುಧವಾರದ ನಾಟಕ ನಿಲ್ಲಲಿಲ್ಲ. ಉಳಿದ ದಿನ ನಿಲ್ಲುತ್ತಿತ್ತು. ಬುಧವಾರ ಇಲ್ಲ. ಅಷ್ಟನ್ನು ಅಮ್ಮ ಹೊರಗೆ ಹೋಗಿ ಬಿಡಿಸಿಕೊಂಡು ಬಂದಿದ್ದಳು.

ಅಮ್ಮನಿಗೆ ಈಗ ಎಂಬತ್ತೆರಡು. ನನ್ನ ಜೊತೆಗೇ ಇದ್ದಾಳೆ. ಮೊಮ್ಮಗಳು ಅವಳನ್ನೂ ಕೂರಿಸಿ ಆಟ ತೋರಿಸಿದಳು. ಮೀನುಗಳನ್ನು ನೋಡಿ ಅಮ್ಮ ಖುಷಿಪಟ್ಟಳು. ಘೋಸ್ಟ್ ಲೆವಿಯಾಥನ್ ಬಂದಾಗ 'ಅಯ್ಯೋ, ಅದರ ಕರುಳೆಲ್ಲ ಕಾಣುತ್ತಲ್ಲೇ, ಚಳಿಯಾಗಲ್ವೇನೇ ಅದಕ್ಕೆ?' ಎಂದಳು. ಹುಡುಗಿ ಗುಂಡಿ ಒತ್ತಿ, 'ಅಜ್ಜಿ, ಈಗ ನಾವು ಸದ್ದು ಮಾಡದೇ ಹೋಗ್ತೀವಿ' ಎಂದು ವಿವರಿಸಿದಳು. ಅದಕ್ಕೆ ಚಾರ್ಜ್ ಖರ್ಚಾಗುವುದನ್ನೂ ಹೇಳಿದಳು. ನಾನು ಅಮ್ಮನ ಮುಖ ನೋಡುತ್ತಿದ್ದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿ, 'ಈಗ ಎಷ್ಟು ಉಳಿದಿದೆ?' ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಆಮೇಲೆ ಕಾಫಿಗೆ ಎದ್ದು ಹೋದಳು.

ಆಟದ ಕೊನೆಯನ್ನು ಹೇಳಿಬಿಡುತ್ತೇನೆ, ಆಡಬೇಕೆಂದಿರುವವರು ಮನ್ನಿಸಬೇಕು. ಆ ಗ್ರಹದ ನೀರಿನಲ್ಲಿ ಒಂದು ರೋಗವಿದೆ, ನಮಗೂ ಅದು ತಗಲಿರುತ್ತದೆ. ಬಹಳ ಹಿಂದೆ ಬೇರೆ ಲೋಕದ ಜಾಣರು ಅದಕ್ಕೆ ಮದ್ದು ಹುಡುಕಲು ಬಂದು ಪ್ರಯೋಗಶಾಲೆ ಕಟ್ಟಿದ್ದರು. ಪ್ರಯೋಗಕ್ಕೆಂದು ಸೀ ಡ್ರ್ಯಾಗನ್ನಿನ ಮೊಟ್ಟೆ ತಂದರು. ಸೀ ಡ್ರ್ಯಾಗನ್ ಬಂದು ಪ್ರಯೋಗಶಾಲೆಯನ್ನು ಗುದ್ದಿ ಒಡೆಯಿತು. ಒಳಗಿದ್ದ ರೋಗ ಹೊರಬಿತ್ತು. ಅದೇ ಜಾಣರು ಮಾಡಿಟ್ಟು ಹೋದ ವಾರ್ಪರ್ ಎಂಬ ಪ್ರಾಣಿಗಳು ಇನ್ನೂ ರೋಗ ತಗಲಿದವರನ್ನು ಬೇಟೆಯಾಡುತ್ತಿವೆ. ಅವು ನಮ್ಮ ಮೇಲೆ ಬೀಳುವುದು ದ್ವೇಷದಿಂದಲ್ಲ, ಹೇಳಿಹೋದ ಕೆಲಸ ಮುಗಿಸಲು. ಎಲ್ಲಕ್ಕಿಂತ ಕೆಳಗೆ ಒಂದು ದೊಡ್ಡ ತೊಟ್ಟಿಯಲ್ಲಿ ಸೀ ಎಂಪರರ್ ಎಂಬ ಮುದಿ ತಾಯಿಯನ್ನು ಕೂಡಿಹಾಕಿದ್ದಾರೆ, ಸಾವಿರ ವರ್ಷದಿಂದ. ಅವಳ ಮರಿಗಳಲ್ಲಿ ರೋಗದ ಮದ್ದಿದೆ, ಆದರೆ ಮೊಟ್ಟೆಗಳು ಒಡೆಯುತ್ತಿಲ್ಲ. ಐದು ಗಿಡಗಳನ್ನು ಹುಡುಕಿ ತಂದು ಮದ್ದು ಮಾಡಿ ಮೊಟ್ಟೆ ಒಡೆಸಬೇಕು. ಅಂದರೆ ಇಷ್ಟೆಲ್ಲ ಭಯಪಟ್ಟು ನಾವು ಕೊನೆಗೆ ಮಾಡುವ ಕೆಲಸ ಬಾಣಂತನ! ಹುಡುಗಿಗೆ ಇದನ್ನು ಹೇಳಿದರೆ ನಕ್ಕಳು. ಮರಿಗಳು ಹೊರಟುಹೋದ ಮೇಲೆ ತಾಯಿ ಸಾಯುತ್ತಾಳೆ. ನಾವು ವಾಸಿಯಾಗಿ, ರಾಕೆಟ್ ಕಟ್ಟಿಕೊಂಡು ಊರ ಕಡೆ ಹೊರಟರೆ, ಆಲ್ಟೆರಾ ಕಂಪನಿ, ನಾವು ಬಳಸಿಕೊಂಡ ಸಾಮಾನಿಗೆಲ್ಲ ಲೆಕ್ಕ ಹಾಕಿ ಒಂದು ಲಕ್ಷ ಕೋಟಿ ಬಾಕಿ ಕಟ್ಟಿದ ಮೇಲೆ ಇಳಿಯಬಹುದು ಎನ್ನುತ್ತದೆ. ಆ ಸಮುದ್ರದಲ್ಲಿ ಕಂಡ ಎಷ್ಟೋ ಪ್ರಾಣಿಗಳಿಗಿಂತ ಇದು ನನಗೆ ಹೆಚ್ಚು ಪರಿಚಿತವೆನಿಸಿತು.

ಹುಡುಗಿ ಕಾಲೇಜಿಗೆ ಹೋಗುವ ಮುಂಚೆ ಮನೆಯ ಹಳೆಯ ಕಂಪ್ಯೂಟರಿಗೂ ಆಟವನ್ನು ಹಾಕಿಕೊಟ್ಟಿದ್ದಾಳೆ. ನಿಧಾನವಾಗಿ ಓಡುತ್ತದೆ, ಮೀನುಗಳು ತಡೆತಡೆದು ಈಜುತ್ತವೆ. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ನನ್ನದು ಪೂರ್ತಿ ಹೊಸ ಆಟ, ಮೊದಲಿನಿಂದ. ಎರಡು ಕೋಣೆಯ ಮನೆ ಕಟ್ಟಿದ್ದೇನೆ, ಕುಂಡದಲ್ಲಿ ಹಣ್ಣು ಬಿಟ್ಟಿದೆ. ಪಾಚಿಯ ಕಾಡಿನ ಒಂದು ಸ್ಟಾಕರ್‌ಗೆ ದಿನಾ ಮೀನು ಕೊಡುತ್ತೇನೆ. ಇನ್ನೊಂದು ಮೀನು ತಿಂದೂ ಕಚ್ಚುತ್ತದೆ, ಅದಕ್ಕೆ ಚೂರಿಯ ಹಿಡಿ ತೋರಿಸಿದ್ದೇನೆ. ಅರೋರಾದ ಹಿಂಭಾಗಕ್ಕೆ ಇನ್ನೂ ಹೋಗಿಲ್ಲ. ಮೊನ್ನೆ ಅಂಚಿನವರೆಗೆ ಹೋಗಿದ್ದೆ. ದೂರದಲ್ಲಿ ಆ ಕೂಗು ಕೇಳಿತು. ಸೀಮಾತಿನ ದೀಪ ಆರಿಸಬೇಕೋ ಬೇಡವೋ ಎಂದು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಇದ್ದು, ಹಾಗೇ ಹಿಂದಿರುಗಿದೆ. ಬ್ಯಾಟರಿ 46 ಇತ್ತು.